ತಾಟಿನ ಸಪ್ಪಳದ ಹತ್ತು ನಿಮಿಷ

ನನ್ನ ಹೆಂಡತಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಮೂರು ವಾರ ಕಾಡಿ, ಬಿಟ್ಟುಹೋಗುವಾಗ ಎರಡೂ ಕಿವಿಗಳನ್ನು ಕೆಡಿಸಿ ಹೋಗಿತ್ತು. ಅಷ್ಟರಲ್ಲಿ ಆಕೆ ಓದು ಬರಹ ಕಲಿತಿದ್ದಳು, ಮಾತಂತೂ ಇತ್ತು. ಹಾಗಾಗಿ ಎಲ್ಲರಂತೆ ಮಾತನಾಡುತ್ತಿದ್ದಳು. ದನಿಯಲ್ಲಿ ಮಾತ್ರ ಏರಿಳಿತ ಇರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಹೇಳುವ ಮಾತೂ ಓಣಿಯ ಆ ತುದಿಗೆ ಮುಟ್ಟುತ್ತಿತ್ತು. ನಮ್ಮ ತುಟಿ ನೋಡಿ ನಮ್ಮ ಮಾತು ತಿಳಿದುಕೊಳ್ಳುತ್ತಿದ್ದಳು. ತಿಳಿಯದಿದ್ದರೆ ಬರೆದು ತೋರಿಸಿರೆಂದು ಪಾಟಿಯನ್ನು ನಮ್ಮ ಮುಂದೆ ಹಿಡಿಯುತ್ತಿದ್ದಳು.

ಕಿವಿ ಕೇಳದ ಹುಡುಗಿಯನ್ನು ತಂದುಕೊಂಡಿರಲ್ಲ ಎಂದು ಬೀಗರು ಬಿಜ್ಜರು ಕೇಳಿದರೆ ನನ್ನ ತಾಯಿ ನಗುತ್ತಿದ್ದಳು. "ಛಲೋನ ಆತಲ್ಲವಾ. ಅತ್ತಿ ಬೈದದ್ದು ಸೊಸಿಗೆ ಕೇಳಸಂಗಿಲ್ಲ, ಮನ್ಯಾಗ ಜಗಳನ ಇಲ್ಲ" ಎನ್ನುತ್ತಿದ್ದಳು. ಇದನ್ನು ತುಟಿಯ ಮೇಲೆ ಓದಿಕೊಂಡ ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿನಿಂದಲೇ, "ಬೈಯೂ ಮುಂದ ನಿಮ್ಮ ಹುಬ್ಬ ಕೂಡತಾವ್ರಿ ಅತ್ತಿ, ನನಗ ತಿಳೀತೈತಿ" ಎಂದು ಕೂಗುತ್ತಿದ್ದಳು. ಅತ್ತೆ ಸೊಸೆ ಹೀಗೆ ಹೊಂದಿಕೊಂಡಿದ್ದರು.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಧಾರವಾಡದ ಕಡೆಯಿಂದ ಗಾಡಿ ಬರುವುದನ್ನು ನಾವು ಸಿಳ್ಳೆ ಕೇಳಿ ತಿಳಿಯುತ್ತಿದ್ದೆವು. ಆಕೆ ಅದಕ್ಕೂ ಮೊದಲೇ ಗೋಡೆಗೆ ಅಂಗೈ ಹಚ್ಚಿ, "ಗಾಡಿ ಬಂತು" ಎನ್ನುತ್ತಿದ್ದಳು. ಜನರ ಗಾಡಿಯೋ ಮಾಲುಗಾಡಿಯೋ ಎಂಬುದನ್ನೂ ಹೇಳುತ್ತಿದ್ದಳು. ನನಗೆ ಮೊದಲು ನಂಬಿಕೆ ಬರಲಿಲ್ಲ. ಒಂದು ವಾರ ಗಡಿಯಾರ ಹಿಡಿದು ಕುಳಿತು ಹನ್ನೊಂದು ಗಾಡಿಗಳನ್ನು ಪರೀಕ್ಷೆ ಮಾಡಿದೆ. ಹತ್ತು ಸರಿ ಬಂದವು. ಅದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ. ಹೀಗೆ ಬರೆದಿಟ್ಟವನೇ ಮುಂದೆ ಅದನ್ನು ಮರೆತೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬರೆದಿಡುವುದು ನನಗೆ ಉದ್ಯೋಗದಿಂದ ಬಂದ ರೂಢಿ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ನಾನು ವರದಿಗಾರನಾಗಿದ್ದೆ. ನಮ್ಮ ಸಂಪಾದಕರು ಕಟ್ಟುನಿಟ್ಟಿನ ಮನುಷ್ಯರು. ಯಾವ ಸುದ್ದಿ ಒಯ್ದರೂ ಕನ್ನಡಕ ಹಣೆಗೇರಿಸಿ, "ಕಂಡವರ್ಯಾರು? ಕೇಳಿದವರ್ಯಾರು? ಇಬ್ಬರನ್ನ ಹೇಳು, ಇಲ್ಲಂದ್ರ ಆ ಸಾಲು ಹೊಡಿ" ಎನ್ನುತ್ತಿದ್ದರು. 'ಎಂದು ಹೇಳಲಾಗಿದೆ' ಎಂಬ ಮಾತಿಗೆ ನಮ್ಮಲ್ಲಿ ಜಾಗವೇ ಇರಲಿಲ್ಲ. "ಯಾರು ಹೇಳ್ಯಾರ? ಖರೇ ಅನಿಸಿದ್ರ ಹಾಕು, ಇಲ್ಲಂದ್ರ ಬಿಡು. ನಡುವ ನಿಂತ ಕಳ್ಳಾಟ ಆಡಬ್ಯಾಡ." ಈ ಪಾಠ ನನ್ನ ಮೈಗೆ ಹತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಅಚ್ಚಿನ ಕರಡು ತಿದ್ದುವ ಕೆಲಸವನ್ನು ನನ್ನ ಹೆಂಡತಿ ಮನೆಯಲ್ಲಿಯೇ ಮಾಡುತ್ತಿದ್ದಳು. ಯಾವ ಸಪ್ಪಳಕ್ಕೂ ತಲೆ ಎತ್ತದೆ ಓದುವವಳ ಕಣ್ಣು ತಪ್ಪಿಸಿ ತಪ್ಪಕ್ಷರ ಉಳಿಯುತ್ತಿರಲಿಲ್ಲ.

ಮದುವೆಯಾದ ಎಂಟು ವರ್ಷಗಳ ಮೇಲೆ ಆಕೆ ಬಸುರಾದಳು. ಮೂವತ್ತರ ದಶಕದ ಕೊನೆಯ ಮಾತು ಇದು, ಯುದ್ಧ ಇನ್ನೂ ಶುರುವಾಗಿರಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಬೇನೆ ಕಾಣಿಸಿಕೊಂಡಿತು. ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಮುಸಲ್ಮಾನರ ಮುದುಕಿಯೊಬ್ಬಳು ಬಂದಳು. ಒಳಗೆ ಆಕೆ, ನನ್ನ ತಾಯಿ, ನನ್ನ ಹೆಂಡತಿ. ಪಡಸಾಲೆಯಲ್ಲಿ ನಾನು.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಹುಟ್ಟಿದ ಕೂಸು ಅಳದಿದ್ದರೆ ಅದರ ಕಿವಿಯ ಹತ್ತಿರ ಕಂಚಿನ ತಾಟನ್ನು ಹಿಡಿದು ಸೌಟಿನಿಂದ ಬಡಿಯುತ್ತಿದ್ದರು. ಸಪ್ಪಳಕ್ಕೆ ಬೆಚ್ಚಿ ಕೂಸು ಉಸಿರು ತೆಗೆದುಕೊಳ್ಳುತ್ತದೆ ಎಂದು ನಂಬಿಕೆ. ಬಹಳ ಸಲ ಹಾಗೆ ಆಗುತ್ತಲೂ ಇತ್ತು. ಒಳಗಿನಿಂದ ತಾಟಿನ ಸಪ್ಪಳ ಬಂದಾಗ ನಾನು ಎದ್ದು ನಿಂತೆ. ಬಾಗಿಲು ಮುಚ್ಚಿತ್ತು. ಮಾಡಲು ಏನೂ ಇರಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು ಬರೆದೆ. ಆ ಹಾಳೆ ಈಗಲೂ ಇದೆ: "ತಾಟಿನ ಸಪ್ಪಳ ಶುರು, ಹನ್ನೊಂದು ಗಂಟೆ ಹತ್ತು ನಿಮಿಷ. ನಿಂತದ್ದು, ಹನ್ನೊಂದು ಇಪ್ಪತ್ತು. ಅಳು ಇಲ್ಲ."

ತಾಯಿ ಹೊರಗೆ ಬಂದಳು. ತಾಟು ಇನ್ನೂ ಕೈಯಲ್ಲಿಯೇ ಇತ್ತು. "ಹೆಣ್ಣಿತ್ತಪಾ. ಅಳಲಿಲ್ಲ" ಎಂದಳು.

ಅಷ್ಟು ಹೊತ್ತಿಗೆ ಹೆಂಡತಿಗೆ ರಕ್ತ ಬಹಳ ಹೋಗಿ ಎಚ್ಚರ ತಪ್ಪಿತ್ತು. ಆಕೆ ಕಣ್ಣು ತೆರೆಯುವ ಮೊದಲೇ ಕೂಸನ್ನು ಮಣ್ಣು ಮಾಡಿ ಬಂದೆವು. ನಮ್ಮ ಮನೆತನದಲ್ಲಿ, ಹುಟ್ಟಿದಾಗ ಅತ್ತ ಕೂಸು ಅಂದೇ ತೀರಿಕೊಂಡರೂ ಅದಕ್ಕೆ ಒಂದು ಹೆಸರಿಟ್ಟು, ಆ ಹೆಸರು ಹಿಡಿದು ಕರೆದು ಮಣ್ಣಿಗೆ ಇಡುತ್ತಾರೆ. ಅಳದ ಕೂಸಿಗೆ ಹೆಸರಿಲ್ಲ. ಅದು ಮನೆಗೆ ಬಂದ ಲೆಕ್ಕವಲ್ಲ. ಈ ಕೂಸನ್ನು ಹೆಸರಿಲ್ಲದೆ ಇಟ್ಟೆವು.

ಸಂಜೆ ಆಕೆಗೆ ಎಚ್ಚರವಾಯಿತು. ನಾನು ಪಾಟಿಯ ಮೇಲೆ ಬರೆದು ತಿಳಿಸಿದೆ. ಓದಿ, ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು, "ಸುಳ್ಳು. ಕೂಸು ಅತ್ತೈತಿ."

"ಯಾರೂ ಕೇಳಿಲ್ಲ" ಎಂದೆ.

"ನನ್ನ ಎದಿ ಮ್ಯಾಲ ಇತ್ತು. ಅದರ ಎದಿ ನಡುಗಿತು. ಗಾಡಿ ಬಂದ್ರ ಗ್ವಾಡಿ ನಡುಗತೈತಲ್ಲ, ಹಂಗ. ಎರಡು ಸರ್ತಿ. ಒಂದು ಸಣ್ಣದು, ಒಂದು ದೊಡ್ಡದು. ಅಳು ಅಂದ್ರ ಏನಂತ ನನಗ ಗೊತ್ತಿಲ್ಲೇನು? ನನ್ನ ಅಳು ನಾ ಎದ್ಯಾಗ ಕೇಳತೇನಿ, ಮತ್ತೆಲ್ಲಿ ಕೇಳಬೇಕು?"

ನಾನು ತಾಯಿಯ ಕಡೆ ನೋಡಿದೆ. ತಾಯಿ ತಲೆ ಅಲ್ಲಾಡಿಸಿದಳು. ಹಡೆದವಳ ಸಂಕಟಕ್ಕೆ ಹಾಗೆ ಅನಿಸಿರಬೇಕು ಎಂದುಕೊಂಡೆ. ಕಿವಿ ಇದ್ದವರು ಮೂವರು ಇದ್ದೆವು, ಮೂವರೂ ಕೇಳಿರಲಿಲ್ಲ. ಕೇಳಿದೆ ಎನ್ನುತ್ತಿದ್ದವಳು ಕಿವಿ ಇಲ್ಲದವಳು. ನನ್ನ ಉದ್ಯೋಗದ ನ್ಯಾಯದಲ್ಲಿ ಅದು ಮುಗಿದ ಮಾತು.

ಮೂರನೆಯ ದಿನ ನಾನು ಮುನಿಸಿಪಾಲಿಟಿ ಕಚೇರಿಗೆ ಹೊರಟಾಗ ಆಕೆ ಹಾಸಿಗೆಯಿಂದ ಕೂಗಿದಳು. "ಎರಡೂ ಬರಸ್ರಿ. ಹುಟ್ಟಿದ್ದೂ ಬರಸ್ರಿ, ಹೋದದ್ದೂ ಬರಸ್ರಿ."

ಕಚೇರಿಯ ಕಾರಕೂನ ನನ್ನ ಪರಿಚಯದವನೇ. ಪುಸ್ತಕ ತೆರೆದು ಮೆಲ್ಲಗೆ ಕೇಳಿದ, "ಅತ್ತಿತ್ತೇನ್ರಿ? ಅತ್ತಿದ್ರ ಎರಡು ಕಡೆ ಬರೀಬೇಕು, ಜನನ ಒಂದು, ಮರಣ ಒಂದು. ಅಳದಿದ್ರ ಒಂದ ಸಾಲಿಗೆ ಮುಗೀತೈತಿ."

"ಅಳಲಿಲ್ಲ" ಎಂದೆ. ಆತ ಒಂದು ಸಾಲು ಬರೆದ. ನಾನು ಸಹಿ ಮಾಡಿದೆ.

ಮನೆಗೆ ಬಂದಾಗ ಆಕೆ ಏನೂ ಕೇಳಲಿಲ್ಲ, ನನ್ನ ಮುಖ ನೋಡಿದಳು. ಮುಖ ನೋಡಿ ತಿಳಿಯುವುದು ಆಕೆಗೆ ಕಷ್ಟವಾಗಿರಲಿಲ್ಲ. "ಆಕಿಗೊಂದು ಹೆಸರ ಇಟ್ಟೇನಿ. ನೀವು ಅತ್ತೈತಿ ಅಂತ ಒಪ್ಪಿದ ದಿನ ಹೇಳತೇನಿ. ಅಲ್ಲೀತನ ಯಾರಿಗೂ ಹೇಳಂಗಿಲ್ಲ" ಎಂದಳು.

ಆಮೇಲೆ ಆಕೆ ಅಡಿಗೆ ಮಾಡಿದಳು, ನೀರು ತಂದಳು, ಕರಡು ತಿದ್ದಿದಳು. ನಲ್ಲಿಯ ಹತ್ತಿರ ಹೊಸದಾಗಿ ಬಂದ ಯಾರಾದರೂ ಮಕ್ಕಳೆಷ್ಟು ಎಂದು ಬೆರಳೆತ್ತಿ ಕೇಳಿದರೆ ಒಂದು ಬೆರಳು ತೋರಿಸಿ, "ಒಂದು. ಅತ್ತು ಹೋತು" ಎನ್ನುತ್ತಿದ್ದಳು. ಜೊತೆಗಿದ್ದ ನನ್ನ ತಾಯಿ ಆಕೆಯ ಬೆನ್ನ ಹಿಂದೆ ಕೈ ಆಡಿಸಿ, ಹಾಗಲ್ಲ ಎಂದು ತಿಳಿಸುತ್ತಿದ್ದಳು. ಸೊಸೆಗೆ ಅದು ಕಾಣುವುದಿಲ್ಲ ಎಂದು ತಾಯಿ ತಿಳಿದಿದ್ದಳು. ಎದುರಿನವರ ಮುಖದಲ್ಲಿ ಅದು ಕಾಣುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಧಾರವಾಡದಲ್ಲಿ ತತ್ವಶಾಸ್ತ್ರದ ಉಪನ್ಯಾಸವೊಂದರ ವರದಿಗೆ ನನ್ನನ್ನು ಕಳಿಸಿದರು. ಕೇಳುವವರು ಯಾರೂ ಇಲ್ಲದ ಕಡೆ ಬಂಡೆ ಉರುಳಿದರೆ ಸದ್ದಾಗುತ್ತದೆಯೇ, ಇದು ವಿಷಯ. ಗಾಳಿ ಅಲುಗುವುದು ಬೇರೆ, ಸದ್ದು ಬೇರೆ, ಕಿವಿ ಸೇರಿದಾಗಲೇ ಅದಕ್ಕೆ ಸದ್ದೆಂಬ ಹೆಸರು ಎಂದು ಉಪನ್ಯಾಸಕರು ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, "ಹಂಗಾರ ನಾವೆಲ್ಲ ನಿದ್ದಿ ಹೊಡದ್ರ ನೀವು ಮಾತಾಡಿಲ್ಲ ಅಂದಂಗ ಆತಲ್ರಿ" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆ ನಗುವನ್ನೂ ವರದಿಯಲ್ಲಿ ಸೇರಿಸಿದೆ.

ಮರುದಿನ ಅದರ ಕರಡು ನನ್ನ ಹೆಂಡತಿಯ ಕೈಗೆ ಹೋಯಿತು. ಎರಡು ಕಾಗುಣಿತ ತಿದ್ದಿ, ಪೆನ್ಸಿಲ್ಲು ಕೆಳಗಿಟ್ಟು ನನ್ನನ್ನು ಕರೆದಳು.

"ಇದನ್ನ ಕೇಳಾಕ ಧಾರವಾಡಕ್ಕ ಹೋಗಬೇಕಾಗಿತ್ತೇನ್ರಿ? ನನ್ನನ್ನ ಕೇಳಿದ್ರ ಹೇಳತಿದ್ದೆ."

"ಏನಂತ?"

"ನಾ ಈಗ ಮಾತಾಡಾಕತ್ತೇನಿ. ಇದು ನನಗ ಕೇಳಸಂಗಿಲ್ಲ. ನೀವು ತಲಿ ಅಲ್ಲಾಡಸ್ತೀರಿ, ಅದಕ್ಕ ಸಪ್ಪಳ ಬಂದೈತಿ ಅಂತ ನಂಬತೇನಿ. ಒಂಬತ್ತನೇ ವರ್ಷದಿಂದ ಮಂದಿ ಮಾತಿನ ಮ್ಯಾಲ ನಂಬಿಕಿ ಇಟ್ಟ ಮಾತಾಡೇನಿ. ನೀವು ನನ್ನ ಮಾತಿನ ಮ್ಯಾಲ ಒಂದು ಸರ್ತಿ ನಂಬಿಕಿ ಇಡಲಿಲ್ಲ."

ನಾನು ಕರಡನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೋದೆ.

ಮುಂದಿನ ವರ್ಷ ನಮ್ಮ ಎದುರು ಮನೆಯಲ್ಲಿ ಹೆರಿಗೆ ಆಯಿತು. ಅದೇ ಮುದುಕಿ ಬಂದಿದ್ದಳು. ನಾನು ಬಾಗಿಲಲ್ಲಿ ನಿಂತು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ತಾಟಿನ ಸಪ್ಪಳ ಶುರುವಾಯಿತು. ನನ್ನ ಕೈ ಗುಂಡಿಯ ಮೇಲೆಯೇ ನಿಂತಿತು. ಅಳು ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ ಮುದುಕಿಯ ಬೈಗುಳ ಕೇಳಿಸಿತು: "ಸಾಕ ಮಾಡಽ ಹುಚ್ಚಿ! ಕೂಸು ಆಗಿಂದ ಬಾಯಿ ತಕ್ಕೊಂಡು ಅಳಾಕತ್ತೈತಿ, ನಿನ್ನ ಗದ್ದಲದಾಗ ಯಾರಿಗೆ ಕೇಳಬೇಕು!" ತಾಟು ನಿಂತಿತು. ನಿಂತ ಮೇಲೆ ಕೂಸಿನ ಅಳು ಓಣಿಯವರೆಗೆ ಬಂತು.

ನಾನು ಅಂದು ಕೆಲಸಕ್ಕೆ ಹೋಗಲಿಲ್ಲ. ಮುದುಕಿ ಹೊರಗೆ ಬರುವವರೆಗೆ ಕಟ್ಟೆಯ ಮೇಲೆ ಕುಳಿತೆ. ಬಂದ ಮೇಲೆ, ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ.

"ಅಜ್ಜಿ, ನಮ್ಮ ಮನ್ಯಾಗ ಅವತ್ತ ತಾಟು ಬಡದವರು ಯಾರು?"

"ನಿಮ್ಮ ಅವ್ವ."

"ಕೂಸು ಎಲ್ಲಿತ್ತು?"

"ತಾಯಿ ಎದಿ ಮ್ಯಾಲ ಬೋರಲ ಹಾಕಿದ್ದೆ. ಬೆಚ್ಚಗಿರಲಿ ಅಂತ ಮ್ಯಾಲೊಂದು ಅರಬಿ ಹೊಚ್ಚಿದ್ದೆ."

"ಅದರ ಮುಖ ನೋಡಿದವರು?"

"ನಾ ಕೆಳಗಿದ್ದೆನಪಾ. ರಕ್ತ ನಿಂದರವಲ್ಲದಾಗಿತ್ತು. ತಾಯೀನ ಉಳಸಬೇಕಿತ್ತು. ನಿಮ್ಮ ಅವ್ವ ಕಣ್ಣ ಮುಚ್ಚಿಕೊಂಡು ದೇವರ ಹೆಸರ ಹೇಳಿಕೋತ ಬಡೀತಿದ್ದಳು. ಆಮ್ಯಾಲೆ ಅರಬಿ ತಗದ ನೋಡಿದಾಗ ಉಸುರ ಇದ್ದಿಲ್ಲ."

"ನಡುವ ಹತ್ತು ನಿಮಿಷ?"

"ಯಾರು ನೋಡ್ಯಾರ?" ಎಂದಳು.

ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗಾಯಿತು. ಆ ಹತ್ತು ನಿಮಿಷ ಕಿವಿ ಇದ್ದ ನಾವು ಮೂವರೂ ಕಿವುಡರಾಗಿದ್ದೆವು. ಅಳಿಸಲೆಂದು ಬಡಿದ ತಾಟಿನ ಆಚೆಗೆ ಏನನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಆ ಕೋಣೆಯಲ್ಲಿ ತಾಟಿನ ಸಪ್ಪಳ ಮುಟ್ಟದೆ ಇದ್ದವಳು ಒಬ್ಬಳೇ, ಕೂಸು ಇದ್ದದ್ದೂ ಆಕೆಯ ಎದೆಯ ಮೇಲೆಯೇ. ಸಾಕ್ಷಿ ಹೇಳಬಲ್ಲವಳು ಆಕೆ ಒಬ್ಬಳೇ ಆಗಿದ್ದಳು. ನಾನು ಆಕೆಯ ಸಾಕ್ಷಿಯನ್ನು ಬಿಟ್ಟು, ಏನೂ ಕೇಳಲಾಗದಿದ್ದ ಮೂವರ ಮಾತಿನ ಮೇಲೆ ಸಹಿ ಮಾಡಿದ್ದೆ.

ಮೊದಲು ತಾಯಿಗೆ ಹೇಳಿದೆ. ಆಕೆ ಕಾಳು ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು: "ನನಗ ಆವತ್ತ ಸಂಶೆ ಬಂದಿತ್ತು. ಆಕಿ ಹೇಳೂ ಮುಂದ ಆಕಿ ಮುಖ ನೋಡಿದೆ. ಆ ಮುಖ ಸುಳ್ಳು ಹೇಳಂಗಿಲ್ಲ. ಆದ್ರ ಅತ್ತಿತ್ತು ಅಂದ್ರ, ನನ್ನ ಮೊಮ್ಮಗಳು ಅಳೂ ಮುಂದ ನಾ ಅದರ ಕಿವ್ಯಾಗ ತಾಟು ಬಡೀತಿದ್ದೆ ಅಂತ ಆಗತೈತಿ. ಎತ್ತಿ ಮಾರಿ ನೋಡಿದ್ರ, ಬಾಯಾಗ ಬೆರಳ ಹಾಕಿ ಒರಸಿದ್ರ ಉಳೀತಿತ್ತೋ ಏನೋ. ಅಳಲಿಲ್ಲ ಅಂತನ ಇರಲಿ ಬಿಡಪಾ. ಆಕಿಗೆ ಹೇಳಬ್ಯಾಡ. ನಾ ಸತ್ತ ಮ್ಯಾಲ ಹೇಳು. ನನ್ನಾಣಿ ಐತಿ."

ತಾಯಿಗೆ ಅರವತ್ತು ದಾಟಿತ್ತು, ಉಬ್ಬಸ ಇತ್ತು. ಹೆಂಡತಿಗೆ ಮೂವತ್ತೂ ಆಗಿರಲಿಲ್ಲ. ಕಾಯಲು ಆಕೆಗೆ ವಯಸ್ಸಿದೆ ಎಂದು ನಾನು ಲೆಕ್ಕ ಹಾಕಿದೆ. ಇಬ್ಬರಲ್ಲಿ ಯಾರನ್ನೂ ನೋಯಿಸದ ದಾರಿ ಎಂದು ಸಮಾಧಾನ ಹೇಳಿಕೊಂಡು ತಾಯಿಗೆ ಮಾತು ಕೊಟ್ಟೆ. ಹೆಂಡತಿ ಅದೇ ಮನೆಯಲ್ಲಿ ಮತ್ತೆ ಮೂರು ವರ್ಷ, ಒಂದು ಹೆಸರನ್ನು ಒಳಗಿಟ್ಟುಕೊಂಡು ಓಡಾಡಿದಳು. ಆಕೆ ನನ್ನ ಮುಖ ನೋಡಿದಾಗಲೆಲ್ಲ ನಾನು ಮುಖ ತಿರುಗಿಸುವುದನ್ನು ಕಲಿತೆ.

ಯುದ್ಧದ ಕಾಲದಲ್ಲಿ ಆಕೆಗೆ ಮೂತ್ರಪಿಂಡದ ಬೇನೆ ಬಂತು. ಕಾಲು ಊದಿದವು, ಆಮೇಲೆ ಮುಖ. ಡಾಕ್ಟರರು ಬಂದು ಹೋದರು, ಔಷಧ ಬದಲಿಸಿದರು. ಕೊನೆಯ ವಾರ ಕಣ್ಣು ತೆರೆಯಲಾರದಷ್ಟು ರೆಪ್ಪೆಗಳು ಬಾತವು. ಕಣ್ಣು ಮುಚ್ಚಿದ ಕೂಡಲೆ ನಮ್ಮ ತುಟಿಯೂ ಹೋಯಿತು, ಪಾಟಿಯೂ ಹೋಯಿತು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದು 'ನೀರು' ಎಂದು ಕೇಳುತ್ತಿದ್ದೆ. ಎರಡು ದಿನ ತಲೆ ಅಲ್ಲಾಡಿಸಿ ಉತ್ತರ ಕೊಟ್ಟಳು. ಮೂರನೆಯ ದಿನ ಅದೂ ನಿಂತಿತು.

ಅಂದು ಮಧ್ಯಾಹ್ನ ತಾಯಿ ಹೊಸ್ತಿಲ ಮೇಲೆ ಬಂದು ನಿಂತಳು. "ಹೇಳಿಬಿಡಪಾ. ನಾ ಹಾಕಿದ ಆಣಿ ನಾನ ತಗದೇನಿ. ಲಗೂ ಹೇಳು."

ಮೊದಲು ಅಂಗೈ ಮೇಲೆ ಬರೆದೆ. ಏನೂ ಆಗಲಿಲ್ಲ. ಆಮೇಲೆ ಆಕೆಯ ಕೈ ಎತ್ತಿ, ಅಂಗೈಯನ್ನು ನನ್ನ ಎದೆಗೆ ಒತ್ತಿ ಹಿಡಿದು, ನನ್ನಲ್ಲಿದ್ದ ದನಿಯನ್ನೆಲ್ಲ ಕೂಡಿಸಿ ಹೇಳಿದೆ: "ಕೂಸು ಅತ್ತಿತ್ತು. ನೀ ಹೇಳಿದ್ದು ಖರೇ." ಮತ್ತೆ ಹೇಳಿದೆ. ಓಣಿಯವರು ಬಾಗಿಲಿಗೆ ಬಂದರು. ನಾನು ನಿಲ್ಲಿಸಲಿಲ್ಲ.

ಆಕೆಯ ಬೆರಳು ಒಮ್ಮೆ ಮಡಚಿದವು. ತುಟಿ ಅಲುಗಿದವು. ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ದನಿ ಬರಲಿಲ್ಲ. ಹನ್ನೆರಡು ವರ್ಷ ಆಕೆ ನನ್ನ ತುಟಿ ನೋಡಿ ನನ್ನ ಮಾತೆಲ್ಲ ತಿಳಿದುಕೊಂಡಿದ್ದಳು. ಆಕೆಯ ತುಟಿ ನೋಡಿ ತಿಳಿಯುವುದನ್ನು ನಾನು ಕಲಿತಿರಲಿಲ್ಲ, ಕಲಿಯುವ ಕಾರಣ ಬಂದಿರಲಿಲ್ಲ. ಅದು ಹೆಸರೋ, ನೀರು ಬೇಡಿದ್ದೋ, ಬೇನೆಯ ಸೆಳೆತವೋ ನಾನು ಹೇಳಲಾರೆ. ಸಂಜೆಯ ಒಳಗೆ ಆಕೆ ತೀರಿಕೊಂಡಳು.

ಪತ್ರಿಕೆಯಲ್ಲಿ ನಿಧನ ವಾರ್ತೆಯನ್ನು ನಾನೇ ಬರೆದೆ. ಆರು ಸಾಲು. ಕೊನೆಯದು ಹೀಗಿತ್ತು: "ಮೃತರಿಗೆ ಹುಟ್ಟಿದ ದಿನವೇ ತೀರಿಕೊಂಡ ಒಬ್ಬ ಮಗಳಿದ್ದು, ಅವಳು ಹುಟ್ಟಿದಾಗ ಅತ್ತಿದ್ದಳೆಂದು ಹೇಳಲಾಗಿದೆ." ಸಂಪಾದಕರು ಓದಿ ಕನ್ನಡಕ ಹಣೆಗೇರಿಸಿದರು.

"ಯಾರು ಹೇಳ್ಯಾರ?"

"ಹಡೆದಾಕಿ."

"ಎರಡನೇದವರು?"

"ಯಾರೂ ಇಲ್ರಿ."

ಅವರು ಕೆಂಪು ಪೆನ್ಸಿಲ್ಲು ತೆಗೆದುಕೊಂಡು 'ಎಂದು ಹೇಳಲಾಗಿದೆ' ಎಂಬುದನ್ನು ಹೊಡೆದುಹಾಕಿದರು. "ಇದು ನಮ್ಮಲ್ಲಿ ಬರಂಗಿಲ್ಲ, ನಿನಗ ಗೊತ್ತೈತಿ" ಎಂದು ಹಾಳೆಯನ್ನು ಅಚ್ಚಿನ ಮೊಳೆ ಜೋಡಿಸುವವರ ಕಡೆ ಕಳಿಸಿದರು. ಉಳಿದದ್ದು 'ಅವಳು ಹುಟ್ಟಿದಾಗ ಅತ್ತಿದ್ದಳು' ಎಂಬುದಷ್ಟೆ. ಅದರ ಕರಡನ್ನು ನಾನೇ ತಿದ್ದಿದೆ.

ಸಂಚಿಕೆಯನ್ನು ಮನೆಗೆ ಒಯ್ದೆ. ತಾಯಿಗೆ ಓದಲು ಬರುತ್ತಿರಲಿಲ್ಲ. "ಓದು" ಎಂದಳು. ಓದಿದೆ.

"ಕೂಸಿನ ಹೆಸರ ಹಾಕಿಲ್ಲೇನು?"

"ಗೊತ್ತಿಲ್ಲವಾ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಮ್ಮೆ ಓದು. ಒಳಗಿನ ಖೋಲಿ ಕಡೆ ಮಾರಿ ಮಾಡಿ, ಜೋರಾಗಿ ಓದು" ಎಂದಳು.

ಒಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ಕಡೆ ತಿರುಗಿ ಮೊದಲಿನಿಂದ ಓದಿದೆ. ಕೊನೆಯ ಸಾಲಿಗೆ ಬಂದಾಗ ಧಾರವಾಡದ ಕಡೆಯಿಂದ ಮಾಲುಗಾಡಿ ಬಂತು. ನನ್ನ ದನಿ ನನಗೇ ಕೇಳಿಸಲಿಲ್ಲ. ಓದುವುದನ್ನು ನಿಲ್ಲಿಸಿ, ಗೋಡೆಗೆ ಅಂಗೈ ಹಚ್ಚಿ ನಿಂತೆ. ಕೊನೆಯ ಡಬ್ಬಿ ದಾಟಿ ಗೋಡೆಯ ನಡುಕ ಪೂರ್ತಿ ನಿಂತ ಮೇಲೆ, ಆ ಸಾಲನ್ನು ಮತ್ತೆ ಓದಿದೆ.